ಕಾಡುಗುಲಾಬಿಯ ಗುಣವೂ ನೆಲೆಯೂ

(ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತನಾಡಲು ಎತ್ತಿಕೊಂಡಿರುವ ವಿಷಯ ಕಾಡುಗುಲಾಬಿ. ಪಟಮಟದಲ್ಲಿ ಕಾಡೆಲ್ಲಿ ಬಂತು, ಕಾಡುಗುಲಾಬಿ ಎಲ್ಲಿ ಬಂತು ಎಂದು ತಾವು ನಗಬಹುದು. ಬಂದರು ರಸ್ತೆಯ ಬಸ್ಸು ಲಾರಿಗಳ ಗದ್ದಲ, ಆಟೋನಗರದ ಸುತ್ತಿಗೆಯ ಸದ್ದು, ನೆತ್ತಿಯ ಮೇಲೆ ಸುಡುವ ಸೂರ್ಯ, ಇದು ನಮ್ಮ ಬಡಾವಣೆ. ಆದರೂ ನಾವು ಹೇಳುವುದೇನೆಂದರೆ, ಇಲ್ಲಿ ಕುಳಿತಿರುವವರಲ್ಲಿ ಹಲವರ ಅಂಗಳದಲ್ಲಿ, ತಾರಸಿಯ ಕುಂಡದಲ್ಲಿ, ಕಾಡುಗುಲಾಬಿ ಈಗಲೂ ಇದೆ. ಅದು ಮಣ್ಣಿನೊಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಗಿಡ ಬೆಳೆಸುವ ಹವ್ಯಾಸವಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು. “ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಕೆಂಪು ಗುಲಾಬಿ ತಂದೆವು. ಮೊದಲನೆಯ ವರ್ಷ ಅಂಗೈ ಅಗಲದ ಹೂ ಬಿಟ್ಟಿತು. ಎರಡನೆಯ ಬೇಸಗೆಯಲ್ಲಿ ತುದಿಯಿಂದ ಒಣಗುತ್ತಾ ಬಂತು. ಮಳೆ ಬಿದ್ದ ಮೇಲೆ ಬುಡದಿಂದ ಚಿಗುರಿತೆಂದು ಸಂತೋಷಪಟ್ಟೆವು. ಈಗ ಮಾರುದ್ದ ಬೆಳೆದು ಹಬ್ಬಿದೆಯೇ ಹೊರತು ಕೆಂಪು ಹೂವೇ ಇಲ್ಲ. ಎಲ್ಲೋ ಒಂದೆರಡು ಬಿಟ್ಟರೂ ಬೆರಳ ತುದಿಯಷ್ಟು ಬಿಳಿ ಹೂ. ಗಿಡಕ್ಕೆ ಏನಾಯಿತು?” ಎಂದು. ಗಿಡಕ್ಕೆ ಮಾಟವೂ ಆಗಿಲ್ಲ, ಮಾರಿದವನು ಮೋಸವನ್ನೂ ಮಾಡಿಲ್ಲ. ಕೆಂಪು ಗುಲಾಬಿ ಸತ್ತುಹೋಗಿದೆ. ಅದನ್ನು ಹೊತ್ತು ನಿಂತಿದ್ದ ಕಾಡುಗುಲಾಬಿ ಬದುಕಿ ಮೇಲೆ ಬಂದಿದೆ.

ವಿಷಯ ಹೀಗಿದೆ. ಪೇಟೆಯಲ್ಲಿ ಸಿಗುವ ದೊಡ್ಡ ಹೂವಿನ ಗುಲಾಬಿ ಗಿಡಗಳಲ್ಲಿ ಬಹುಪಾಲು ಕಸಿ ಮಾಡಿದವು. ಇಲ್ಲಿನವರು ಇದನ್ನೇ ಅಂಟು ಕಟ್ಟುವುದು ಎನ್ನುತ್ತಾರೆ. ಗಟ್ಟಿ ಜಾತಿಯ ಒಂದು ಗುಲಾಬಿಯ ಕಡ್ಡಿಯನ್ನು ಊರಿ ಬೇರು ಬರಿಸಿ, ಅದರ ತೊಗಟೆಯನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳಿ, ಒಳಗೆ ನಮಗೆ ಬೇಕಾದ ಜಾತಿಯ ಒಂದೇ ಒಂದು ಕಣ್ಣನ್ನು, ಎಂದರೆ ಮೊಗ್ಗನ್ನು, ಸೇರಿಸಿ ಕಟ್ಟುತ್ತಾರೆ. ಕಣ್ಣು ಹತ್ತಿಕೊಂಡು ಚಿಗುರಿದ ಮೇಲೆ ಬೇರುಗಿಡದ ತಲೆಯನ್ನು ಕತ್ತರಿಸಿಬಿಡುತ್ತಾರೆ. ಮೇಲಿನದು ಊರಗುಲಾಬಿ, ಕೆಳಗಿನದು ಕಾಡಿನದು ಅಥವಾ ಕಾಡಿಗೆ ಹತ್ತಿರದ ನಂಟಿನದು. ನಮ್ಮ ದೇಶದಲ್ಲಿ ಹೀಗೆ ಬೇರುಗಿಡವಾಗಿ ಬಳಸುವವುಗಳಲ್ಲಿ ‘ರೋಸಾ ಮಲ್ಟಿಫ್ಲೋರ’ ಮುಖ್ಯವಾದುದು. ಜಪಾನು, ಕೊರಿಯ, ಚೀನಗಳ ಬೆಟ್ಟದ ಅಂಚಿನಲ್ಲಿ ತಾನಾಗಿ ಬೆಳೆಯುವ ಪೊದೆ ಇದು.

ಊರು ಬಿಟ್ಟು ಬಂದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಉಡುಪಿಯ ಕಡೆಯಿಂದ ಹೋಟೆಲಿಗೆ, ಬಳ್ಳಾರಿ ಧಾರವಾಡಗಳಿಂದ ಬ್ಯಾಂಕಿಗೆ, ರೈಲ್ವೆಗೆ ಬಂದು ನೆಲಸಿದವರು ನಾವು. ತೆಲುಗು ನೆಲದ ಬೇರಿನಿಂದ ನೀರು ಕುಡಿದು ಕನ್ನಡದ ಹೂ ಬಿಡುತ್ತಿದ್ದೇವೆ. ಬೇರಿನ ಋಣವನ್ನು ಮರೆಯಬಾರದೆಂಬುದು ಮನುಷ್ಯರಿಗೂ ಸಲ್ಲುತ್ತದೆ, ಗುಲಾಬಿಗೂ ಸಲ್ಲುತ್ತದೆ. ಆದ್ದರಿಂದ ಈಗ ಬೇರಿನ ಕಡೆಯವರ ಕಥೆಯನ್ನು ಕೇಳೋಣ.

ಮೊದಲು ಹೆಸರು. ‘ಗುಲಾಬಿ’ ಎಂಬುದು ಪಾರಸಿಯಿಂದ ಬಂದ ಮಾತು. ‘ಗುಲ್’ ಎಂದರೆ ಹೂ, ‘ಆಬ್’ ಎಂದರೆ ನೀರು. ಹೂವಿನಿಂದ ಭಟ್ಟಿ ಇಳಿಸಿದ ನೀರಿನ ಹೆಸರೇ ನಮ್ಮಲ್ಲಿ ಹೂವಿಗೆ ನಿಂತಿತು. ಆ ನೀರಿಗೆ ನಮ್ಮ ಹಳಬರು ಇಟ್ಟ ಸ್ವಂತ ಹೆಸರು ಪನ್ನೀರು. ಮದುವೆ ಮನೆಯಲ್ಲಿ ಪನ್ನೀರುದಾನಿಯನ್ನು ಕಾಣದವರಾರು? ಹಳೆಯ ಮೈಸೂರಿನ ಕಡೆ ‘ರೋಜಾ ಹೂ’ ಎಂಬುದೂ ರೂಢಿ. ಇಷ್ಟು ಹೆಸರುಗಳಿದ್ದರೂ ಇವೆಲ್ಲ ತೋಟದ ಹೂವಿಗೆ, ಪೇಟೆಯ ಹೂವಿಗೆ ಬಂದವು. ಕಾಡಿನದಕ್ಕೆ ‘ಕಾಡುಗುಲಾಬಿ’ ಎಂಬುದೇ ಗತಿ.

ಜಗತ್ತಿನಲ್ಲಿ ಕಾಡುಗುಲಾಬಿಯ ಜಾತಿಗಳು ಸುಮಾರು ೧೫೦ ಇವೆಯೆಂದು ಸಸ್ಯಶಾಸ್ತ್ರಜ್ಞರ ಲೆಕ್ಕ. ಇವೆಲ್ಲವೂ ಭೂಮಧ್ಯರೇಖೆಯ ಉತ್ತರಕ್ಕೇ ಹುಟ್ಟಿದವು ಎಂಬುದು ಗಮನಿಸಬೇಕಾದ ಮಾತು. ಏಷ್ಯ, ಯೂರೋಪು, ಉತ್ತರ ಅಮೆರಿಕ, ಆಫ್ರಿಕದ ಉತ್ತರ ಭಾಗ, ಇಷ್ಟೇ ಅವುಗಳ ತೌರು. ಆಸ್ಟ್ರೇಲಿಯದಲ್ಲಾಗಲಿ ದಕ್ಷಿಣ ಅಮೆರಿಕದಲ್ಲಾಗಲಿ ಮನುಷ್ಯನು ಒಯ್ಯುವ ತನಕ ಗುಲಾಬಿ ಇರಲಿಲ್ಲ. ಇವುಗಳಲ್ಲಿ ಬಹುಪಾಲು ಚಳಿ ನಾಡಿನವು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿ, ವಸಂತದಲ್ಲಿ ಎದ್ದು ಹೂ ಬಿಡುವ ಸ್ವಭಾವದವು.

ಇನ್ನು ಲಕ್ಷಣಗಳು. ಕಾಡುಗುಲಾಬಿಯನ್ನು ಕಂಡರೆ, ಇದೂ ಗುಲಾಬಿಯೇ ಎಂದು ಮಕ್ಕಳು ಕೇಳುವುದು ಸಹಜ. ಏಕೆಂದರೆ ಅದಕ್ಕೆ ದಳಗಳು ಐದೇ. ನಮ್ಮ ತೋಟದ ಹೂವಿನ ಮೂವತ್ತು ನಲವತ್ತು ದಳಗಳು ಕೇಸರಗಳೇ ದಳಗಳಾಗಿ ಮಾರ್ಪಟ್ಟದ್ದರಿಂದ ಬಂದವು. ಮನುಷ್ಯನು ಅಂಥ ಗಿಡಗಳನ್ನೇ ಆರಿಸಿ ಆರಿಸಿ ಬೆಳೆಸಿದ. ಕಾಡಿನ ಹೂವಿನಲ್ಲಿ ಐದು ದಳ, ನಡುವೆ ಹಳದಿಯ ಕೇಸರಗಳ ಗೊಂಚಲು, ಅಷ್ಟೇ. ಜೇನುಹುಳು ನೇರವಾಗಿ ಬಂದು ಕೂರಬಹುದು. ಹಿಮಾಲಯದ ‘ರೋಸಾ ಸೆರಿಸಿಯ’ಕ್ಕೆ ಮಾತ್ರ ಸಾಮಾನ್ಯವಾಗಿ ನಾಲ್ಕೇ ದಳ.

ಎಲೆ ಒಂದೇ ತುಂಡಲ್ಲ. ಒಂದು ಕಡ್ಡಿಗೆ ಎದುರುಬದುರಾಗಿ ಪುಟ್ಟೆಲೆಗಳು, ತುದಿಗೊಂದು. ಹಾಗಾಗಿ ಅವುಗಳ ಸಂಖ್ಯೆ ಐದು, ಏಳು, ಒಂಬತ್ತು ಹೀಗೆ ಬೆಸವಾಗಿರುತ್ತದೆ. ಏಳೆಲೆಯಾದರೆ ಕಾಡಿನದು, ಐದೆಲೆಯಾದರೆ ಊರಿನದು ಎಂದು ಹೇಳುವ ರೂಢಿಯುಂಟು. ಅದನ್ನು ಪೂರಾ ನಂಬಬೇಡಿ. ಒಳ್ಳೆಯ ಊರಗುಲಾಬಿಯಲ್ಲೂ ಏಳೆಲೆಯ ಕಡ್ಡಿ ಬರುವುದುಂಟು. ಎಲೆಯ ಕಡ್ಡಿ ಕೊಂಬೆಗೆ ಸೇರುವ ಕಡೆ ಎರಡು ಪುಟ್ಟ ರೆಕ್ಕೆಗಳಂತೆ ಹಸಿರು ಪಟ್ಟಿಯಿರುತ್ತದೆ. ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುಸೀಳಾಗಿದ್ದರೆ ಅದು ಬೇರುಗಿಡವಾದ ಮಲ್ಟಿಫ್ಲೋರ ಎಂದು ತಿಳಿಯಬಹುದು.

ಮುಳ್ಳಿನ ವಿಷಯ ಹೇಳದಿದ್ದರೆ ಗುಲಾಬಿಯ ಮಾತು ಮುಗಿಯದು. ನಿಂಬೆಯ ಮುಳ್ಳನ್ನೂ ಗುಲಾಬಿಯ ಮುಳ್ಳನ್ನೂ ಪಕ್ಕಕ್ಕೆ ಒತ್ತಿ ನೋಡಿ. ನಿಂಬೆಯದು ಸುಲಭವಾಗಿ ಬರುವುದಿಲ್ಲ. ಅದು ಕೊಂಬೆಯೇ ಮೊನೆಗೊಂಡು ಆದದ್ದು, ಒಳಗಿನ ಕಟ್ಟಿಗೆಗೆ ಸೇರಿದ್ದು. ಗುಲಾಬಿಯದು ಟಕ್ಕನೆ ಕಿತ್ತು ಬರುತ್ತದೆ, ಜಾಗದಲ್ಲಿ ಒಂದು ನುಣುಪಾದ ಕಲೆ ಮಾತ್ರ ಉಳಿಯುತ್ತದೆ. ಅದು ತೊಗಟೆಯ ಮೇಲಿನ ಬೆಳವಣಿಗೆಯಷ್ಟೆ. ಕಾಡಿನಲ್ಲಿ ಅದಕ್ಕೆ ಎರಡು ಕೆಲಸ. ದನ ಮೇಕೆಗಳನ್ನು ದೂರವಿಡುವುದು ಒಂದು. ಕೊಕ್ಕೆಯಂತೆ ಬಾಗಿದ್ದರೆ ಪಕ್ಕದ ಮರಕ್ಕೆ ಸಿಕ್ಕಿಸಿಕೊಂಡು ಬೆಳಕಿನ ಕಡೆಗೆ ಏರುವುದು ಇನ್ನೊಂದು. ಗುಲಾಬಿಗೆ ಮಲ್ಲಿಗೆಯಂತೆ ಸುತ್ತಿಕೊಳ್ಳುವ ಬಳ್ಳಿಯಿಲ್ಲ, ಕುಂಬಳದಂತೆ ಹಿಡಿದುಕೊಳ್ಳುವ ತಂತುವೂ ಇಲ್ಲ. ಹತ್ತುವುದೆಲ್ಲ ಮುಳ್ಳಿನ ಬಲದಿಂದಲೇ.

ಹೂ ಉದುರಿದ ಮೇಲೆ ಕಾಯಿ. ತೋಟದಲ್ಲಿ ನಾವು ಬಾಡಿದ ಹೂವನ್ನು ಕತ್ತರಿಸುವುದರಿಂದ ಅದನ್ನು ಕಾಣುವುದು ಅಪರೂಪ. ಗೋಲಿಯಂತೆ ಉಬ್ಬಿ, ಹಣ್ಣಾದಾಗ ಹೆಚ್ಚಿನ ಜಾತಿಗಳಲ್ಲಿ ಕೆಂಪಾಗುತ್ತದೆ. ನಿಜವಾಗಿ ಅದು ಹೂವಿನ ಬಟ್ಟಲು ತಿರುಳುಗಟ್ಟಿದ್ದು. ಒಳಗಿರುವ ಗಟ್ಟಿ ಕಾಳುಗಳೇ ಶಾಸ್ತ್ರಪ್ರಕಾರ ಹಣ್ಣುಗಳು. ಹಕ್ಕಿಗಳು ತಿರುಳು ತಿಂದು ಬೀಜವನ್ನು ಹರಡುತ್ತವೆ. ಈ ಕಾಯಿಯಲ್ಲಿ ಸಿ ಜೀವಸತ್ತ್ವ ಕಿತ್ತಳೆಗಿಂತ ಬಹಳ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳು ನಿಂತು ಇಂಗ್ಲೆಂಡಿಗೆ ಕಿತ್ತಳೆ ಬರುವುದು ಕಡಿಮೆಯಾದಾಗ, ೧೯೪೧ರಿಂದ ಅಲ್ಲಿನ ಮಕ್ಕಳು ಹೆಂಗಸರು ಬೇಲಿಬೇಲಿ ತಿರುಗಿ ಕಾಡುಗುಲಾಬಿಯ ಕಾಯಿ ಆರಿಸಿ ಕೊಟ್ಟರು. ಅದರ ಪಾನಕವೇ ಎಳೆಯ ಮಕ್ಕಳಿಗೆ ಕಿತ್ತಳೆಯ ಬದಲಾಯಿತು.

ನಮ್ಮ ದೇಶದ ಕಾಡುಗುಲಾಬಿಗಳು ಎಲ್ಲೆಲ್ಲಿವೆ? ಹಿಮಾಲಯವೇ ಅವುಗಳ ದೊಡ್ಡ ಮನೆ. ಲಡಾಖು ಸ್ಪಿತಿಗಳ ಬೋಳು ಕಣಿವೆಗಳಲ್ಲಿ ತಿಳಿಗೆಂಪು ಹೂವಿನ ‘ರೋಸಾ ವೆಬ್ಬಿಯಾನ’ ಕಲ್ಲುಗಳ ನಡುವೆ ಬೆಳೆಯುತ್ತದೆ. ಕೆಳಗಿನ ಇಳಿಜಾರಿನಲ್ಲಿ ‘ರೋಸಾ ಬ್ರುನೋನಿ’ ಮರಗಳ ಮೇಲೇರಿ ಬಿಳಿ ಹೂಗೊಂಚಲನ್ನು ಇಳಿಬಿಡುತ್ತದೆ. ಮಣಿಪುರದ ಸಿರೋಹಿ ಬೆಟ್ಟದ ಕಡೆ ‘ರೋಸಾ ಜೈಗಾಂಟಿಯ’, ಹೆಸರೇ ಹೇಳುವಂತೆ ದೈತ್ಯ ಗುಲಾಬಿ, ಎತ್ತರದ ಮರಗಳನ್ನು ಹತ್ತಿ ಅಂಗೈ ಅಗಲದ ತಿಳಿಹಳದಿ ಮಿಶ್ರಿತ ಬಿಳಿ ಹೂ ಬಿಡುತ್ತದೆ. ಅದನ್ನು ೧೮೮೨ರಲ್ಲಿ ಜಾರ್ಜ್ ವಾಟ್ ಎಂಬುವರು ಮಣಿಪುರದಲ್ಲಿ ಸಂಗ್ರಹಿಸಿದರು; ಬರ್ಮದ ಶಾನ್ ಬೆಟ್ಟಗಳಲ್ಲಿ ಸರ್ ಹೆನ್ರಿ ಕೊಲೆಟ್ ಕಂಡರು.

ದಕ್ಷಿಣಕ್ಕೆ ಬಂದರೆ, ನೀಲಗಿರಿ ಪಳನಿ ಬೆಟ್ಟಗಳಲ್ಲಿ ‘ರೋಸಾ ಲೆಶೆನಾಲ್ಟಿಯಾನ’ ಎಂಬುದು ನಮ್ಮ ಪಶ್ಚಿಮಘಟ್ಟಕ್ಕೇ ಮೀಸಲಾದ ಗುಲಾಬಿ. ಪುದುಚೇರಿಯಲ್ಲಿದ್ದು ಗಿಡಮೂಲಿಕೆ ಹುಡುಕುತ್ತಿದ್ದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆಶೆನಾಲ್ಟನ ಹೆಸರು ಅದಕ್ಕೆ ಬಂದಿದೆ. ಉದಕಮಂಡಲದ ಸುತ್ತಣ ಶೋಲಾ ಕಾಡುಗಳ ಅಂಚಿನಲ್ಲಿ, ಮಂಜು ಮುಸುಕುವ ಎತ್ತರದಲ್ಲಿ, ಕೊಕ್ಕೆಮುಳ್ಳಿನಿಂದ ಮರ ಹತ್ತಿ, ಸುವಾಸನೆಯ ಬಿಳಿ ಹೂಗಳನ್ನು ಗೊಂಚಲಾಗಿ ಬಿಡುತ್ತದೆ. ಕನ್ನಡಕ್ಕೆ ಹತ್ತಿರದ ಮಾತನಾಡುವ ಬಡಗರ ಬೆಟ್ಟವೆಂದರೆ ಅದು ನಮ್ಮ ಭಾಷೆಯ ನೆರೆಮನೆಯ ಗುಲಾಬಿಯೇ ಸರಿ. ಆದರೆ ಅದಕ್ಕೆ ತಂಪು ಬೇಕು. ಬೆಟ್ಟ ಇಳಿದು ಕೃಷ್ಣೆಯ ಬಯಲಿಗೆ ಅದು ಬಾರದು.

ಹಾಗಾದರೆ ಬಯಲಿನ ಬಿಸಿಲಿಗೂ ನೀರಿಗೂ ಒಗ್ಗುವ ಕಾಡುಗುಲಾಬಿ ಇಲ್ಲವೆ? ಉಂಟು. ಇಂದಿನ ಭಾಷಣದ ನಾಯಕ ಅದೇ. ಅದರ ಹೆಸರು ‘ರೋಸಾ ಕ್ಲೈನೊಫಿಲ್ಲ’. ಬಂಗಾಳಿಗಳು ಬನ್ ಗೋಲಾಪ್, ಅಂದರೆ ವನಗುಲಾಬಿ ಎನ್ನುತ್ತಾರೆ. ಬಿಹಾರ ಬಂಗಾಳಗಳ ಗಂಗಾತೀರ, ನದಿಯ ನಡುವಿನ ನಡುಗಡ್ಡೆಗಳು, ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ದೊಡ್ಡ ಜೌಗು ಕೆರೆಗಳು, ಪಶ್ಚಿಮಕ್ಕೆ ರಾಜಸ್ಥಾನದ ಅಬು ಬೆಟ್ಟದ ತೊರೆಗಳ ದಡ, ಇವು ಅದರ ನೆಲೆಗಳು. ಉಷ್ಣದೇಶದ ಬಯಲನ್ನೇ ತೌರಾಗಿ ಮಾಡಿಕೊಂಡ ಗುಲಾಬಿ ಜಾತಿ ಇದರಂಥದು ಮತ್ತೊಂದಿಲ್ಲವೆನ್ನಬಹುದು.

ಅದರ ರೂಪ ಹೀಗೆ. ನೇರವಾಗಿ ಎದ್ದು ಆಮೇಲೆ ಬಿಲ್ಲಿನಂತೆ ಬಾಗುವ ಕೊಂಬೆಗಳ ಪೊದೆ. ಆಸರೆ ಸಿಕ್ಕರೆ ಏರುತ್ತದೆ. ಎಲೆಯ ಬುಡದಲ್ಲಿ ನೇರವಾದ ಮುಳ್ಳುಗಳು ಜೋಡಿಜೋಡಿಯಾಗಿ. ಪುಟ್ಟೆಲೆಗಳು ಏಳರಿಂದ ಒಂಬತ್ತು, ಕಿರಿದು, ಅಂಚಿನಲ್ಲಿ ನಯವಾದ ಹಲ್ಲು. ವರ್ಷವೆಲ್ಲ ಹಸಿರು; ಚಳಿನಾಡಿನ ಗುಲಾಬಿಗಳಂತೆ ಬೋಳಾಗಿ ನಿಲ್ಲುವುದಿಲ್ಲ. ಹೂ ಬಿಳಿಯದು, ಐದೇ ದಳ, ಸುಮಾರು ಎರಡು ಅಂಗುಲ ಅಗಲ. ಹೂವಿನ ಬುಡಕ್ಕೆ ಒತ್ತಾಗಿ ಕಿರುಎಲೆಗಳ ಸುತ್ತು. ಬಟ್ಟಲಿನ ಮೇಲೂ ಕಾಯಿಯ ಮೇಲೂ ಉಣ್ಣೆಯಂಥ ರೋಮ. ಬೇರೆ ಗುಲಾಬಿಗಳಿಂದ ಇದನ್ನು ಗುರುತಿಸುವುದು ಈ ಸುತ್ತು ಮತ್ತು ಈ ರೋಮದಿಂದಲೇ. ಇದಕ್ಕೆ ಹತ್ತಿರದ ಬಂಧು ಚೀನದ ‘ರೋಸಾ ಬ್ರಾಕ್ಟಿಯಾಟ’ ಒಂದೇ.

ಇದಕ್ಕೆ ಶಾಸ್ತ್ರದಲ್ಲಿ ಎರಡು ಹೆಸರು ಬಂದ ಕಥೆಯಲ್ಲಿ ನಮ್ಮ ಆಂಧ್ರಕ್ಕೂ ಒಂದು ಎಳೆ ತಾಗಿದೆ. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೋಗುವ ರೈಲಿನಲ್ಲಿ ಸಾಮರ್ಲಕೋಟ ಜಂಕ್ಷನ್ನನ್ನು ತಾವೆಲ್ಲ ಕಂಡಿದ್ದೀರಿ. ವಿಲಿಯಂ ರಾಕ್ಸ್‌ಬರೋ ಎಂಬ ಸ್ಕಾಟ್ಲೆಂಡಿನ ವೈದ್ಯರು ೧೭೮೧ರಿಂದ ಅಲ್ಲಿದ್ದುಕೊಂಡು ತೋಟ ಮಾಡಿ, ಸ್ಥಳೀಯ ಚಿತ್ರಕಾರರಿಂದ ಗಿಡಗಳ ಚಿತ್ರ ಬರೆಸಿ, ಕೋರಮಂಡಲ ತೀರದ ಸಸ್ಯಗಳ ಮೇಲೆ ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದರು. ೧೭೯೩ರಲ್ಲಿ ಅವರನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಮೇಲ್ವಿಚಾರಕರನ್ನಾಗಿ ಕಳುಹಿಸಿದರು. ಅಲ್ಲಿ ಅವರು ಈ ಬಿಳಿ ಗುಲಾಬಿಯನ್ನು ‘ಇನ್ವಾಲುಕ್ರೇಟ’ ಎಂದು ಕರೆದರು. ಹೂವಿನ ಸುತ್ತಣ ಕಿರುಎಲೆಗಳ ಸುತ್ತನ್ನೇ ಅದು ಸೂಚಿಸುತ್ತದೆ. ಆದರೆ ಅವರ ಹೆಸರು ವರ್ಣನೆಯೊಡನೆ ಅಚ್ಚಾಗುವ ಮೊದಲೇ, ೧೮೧೭ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿ ಎಂಬುವರು ಇದನ್ನು ಕ್ಲೈನೊಫಿಲ್ಲ ಎಂದು ವರ್ಣಿಸಿದರು. ಗುಲಾಬಿಯ ಚಿತ್ರಗಳಿಗೆ ಲೋಕಪ್ರಸಿದ್ಧನಾದ ರೆಡೂಟೆಯ ಕೈಯಿಂದ ಇದರ ಚಿತ್ರವೂ ಬಂತು. ಮೊದಲು ಅಚ್ಚಾದ ಹೆಸರಿಗೇ ಮಾನ್ಯತೆ ಎಂಬ ನಿಯಮದಂತೆ ತೋರಿಯ ಹೆಸರು ನಿಂತಿತು.

ಈ ಗಿಡದ ಅತಿಶಯವಾದ ಗುಣವೆಂದರೆ ನೀರನ್ನು ಸಹಿಸುವುದು. ಸಾಧಾರಣ ಗುಲಾಬಿಯ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ನೀರು ನಿಂತರೆ ಗಾಳಿ ಹೋಗಿ, ಬೇರು ಉಸಿರಾಡಲಾರದೆ ಕೊಳೆಯುತ್ತದೆ. ಮೇಲೆ ಎಲೆ ಹಳದಿಯಾಗಿ ಉದುರುತ್ತದೆ. ಆದರೆ ಕ್ಲೈನೊಫಿಲ್ಲದ ನೆಲೆಯಲ್ಲಿ ಮಳೆಗಾಲವೆಂದರೆ ಪ್ರವಾಹ. ಸಿಲ್ಹೆಟ್ಟಿನ ಜೌಗುಗಳಲ್ಲಿ ಅದು ತಿಂಗಳುಗಟ್ಟಲೆ ನೀರಿನಲ್ಲಿ ನಿಲ್ಲುತ್ತದೆ. ನೀರು ಇಳಿದು ನೆಲ ಕಂಡ ಮೇಲೆ, ಚಳಿಗಾಲ ಬೇಸಗೆಗಳ ನಡುವೆ, ಹೂ ಬಿಡುತ್ತದೆ. ಆಮೇಲೆ ಬರುವ ಕಡುಬಿಸಿಲನ್ನೂ ತಾಳುತ್ತದೆ. ಆರು ತಿಂಗಳು ಕೆಸರು, ಆರು ತಿಂಗಳು ಕಾವಲಿ, ಎರಡನ್ನೂ ಬಲ್ಲ ಗಿಡ.

ಈಗ ನಮ್ಮ ಊರಿನ ಕಡೆ ನೋಡೋಣ. ಕನ್ನಡನಾಡಿನಲ್ಲಿ ರೋಹಿಣಿ ಎಂದರೆ ಮಳೆಯ ಹೆಸರು, ಬಿತ್ತನೆಯ ಮಾತು. ಇಲ್ಲಿ ರೋಹಿಣಿ ಕಾರ್ತೆ ಎಂದರೆ ಒರಳುಕಲ್ಲೂ ಬಿರಿಯುವ ಬಿಸಿಲು. ಒಂದೊಂದು ವರ್ಷ ೪೫ ಡಿಗ್ರಿಯನ್ನು ಮುಟ್ಟುವುದುಂಟು; ಬೆಜವಾಡವನ್ನು ಬ್ಲೇಜ್‌ವಾಡ ಎಂದು ಹಾಸ್ಯ ಮಾಡುವುದು ಸುಮ್ಮನೆ ಅಲ್ಲ. ನೆಲ ಡೆಲ್ಟಾದ ಕಪ್ಪು ಜೇಡಿ. ಒಣಗಿದರೆ ಬಿರುಕು, ನೆನೆದರೆ ಅಂಟು. ಇನ್ನು ನೀರು: ೨೦೨೪ರ ಸೆಪ್ಟೆಂಬರ್ ಮೊದಲಲ್ಲಿ ಬುಡಮೇರು ಉಕ್ಕಿ ಸಿಂಗ್‌ನಗರದ ಕಡೆ ದಿನಗಟ್ಟಲೆ ನೀರು ನಿಂತದ್ದನ್ನು ನಾವು ಮರೆಯಲಾರೆವು. ಅದೇ ದಿನಗಳಲ್ಲಿ ಪ್ರಕಾಶಂ ಬ್ಯಾರೇಜಿನಿಂದ ಹನ್ನೊಂದು ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಹರಿದುಹೋಯಿತು. ಮನೆ ಸಾಮಾನು ಕಳೆದುಕೊಂಡವರ ಮುಂದೆ ಹೂಗಿಡದ ಮಾತು ಎತ್ತುವುದು ಸಣ್ಣದು. ಆದರೂ ನೀರು ಇಳಿದ ಮೇಲೆ ಬೇರು ಕೊಳೆತ ಕುಂಡಗಳ ಮುಂದೆ ನಿಂತ ತಾಯಂದಿರ ದುಃಖ ದುಃಖವೇ.

ನಮ್ಮ ತೋಟದ ಗುಲಾಬಿಗೆ ಇಲ್ಲಿ ಏಕೆ ಇಷ್ಟು ಕಷ್ಟ? ಕಾರಣ ಅದರ ವಂಶದಲ್ಲಿದೆ. ಯೂರೋಪಿನ ಹಳೆಯ ಗುಲಾಬಿಗಳು ಹೆಚ್ಚಾಗಿ ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿದ್ದವು. ಹದಿನೆಂಟನೆಯ ಶತಮಾನದ ಕೊನೆಗೆ ಚೀನದ ತೋಟಗಳಿಂದ ಮತ್ತೆ ಮತ್ತೆ ಹೂ ಬಿಡುವ ಗುಲಾಬಿಗಳು ಹಡಗೇರಿ ಹೋದವು. ಹಡಗುಗಳು ಕಲ್ಕತ್ತೆಯನ್ನು ಹಾದು ಹೋಗುತ್ತಿದ್ದುದರಿಂದ ಅವುಗಳಿಗೆ ಬಂಗಾಳದ ಗುಲಾಬಿ ಎಂಬ ತಪ್ಪು ಹೆಸರೂ ಬಂತು. ಈ ಎರಡು ವಂಶಗಳು ಬೆರೆತು, ೧೮೬೭ರಲ್ಲಿ ‘ಲಾ ಫ್ರಾನ್ಸ್’ ಎಂಬ ಗುಲಾಬಿ ಬಂದಾಗ ಹೊಸ ಕುಲವೊಂದು ಆರಂಭವಾಯಿತೆನ್ನುತ್ತಾರೆ. ೧೫೦ ಜಾತಿಗಳಿದ್ದರೂ ಈ ಹೊಸ ಗುಲಾಬಿಗಳಲ್ಲಿ ಬೆರೆತಿರುವುದು ಹತ್ತರ ಆಸುಪಾಸಿನ ಜಾತಿಗಳ ರಕ್ತ ಮಾತ್ರ. ಅವುಗಳನ್ನು ಆರಿಸಿದ್ದು ತಂಪುದೇಶದ ತೋಟಗಳಲ್ಲಿ. ಅಂಥ ಗಿಡವನ್ನು ಪಟಮಟದ ತಾರಸಿಗೆ ತಂದಿಟ್ಟು, ಬೇಸಗೆಯಲ್ಲಿ ಒಣಗಿತು, ಮಳೆಯಲ್ಲಿ ಎಲೆಗೆ ಕಪ್ಪು ಚುಕ್ಕೆ ಬಂತು ಎಂದು ಬೈದರೆ ಅದೇನು ಮಾಡೀತು?

ಇಲ್ಲಿಯೇ ಕಾಡುಗುಲಾಬಿಯ ಬೆಲೆ ಕಾಣುವುದು. ಇದಕ್ಕೆ ನಮ್ಮೆಲ್ಲರಿಗೂ ಗೊತ್ತಿರುವ ಒಂದು ನಿದರ್ಶನ ಕೊಡುತ್ತೇವೆ. ದಸರೆಯ ಹೊತ್ತಿಗೆ ಕೃಷ್ಣೆಯ ಮರಳುದಿಬ್ಬಗಳಲ್ಲಿ ಬೆಳ್ಳಗೆ ಚಾಮರ ಬೀಸುವ ಹುಲ್ಲನ್ನು ಇಲ್ಲಿನವರು ರೆಲ್ಲು ಎನ್ನುತ್ತಾರೆ. ಅದು ಕಾಡುಕಬ್ಬು. ರಸವಿಲ್ಲ, ಸಿಹಿಯಿಲ್ಲ, ದನವೂ ಮನಸ್ಸಿಟ್ಟು ಮೇಯದು. ಕೊಯಮತ್ತೂರಿನ ಕಬ್ಬಿನ ತಳಿ ಕೇಂದ್ರ ೧೯೧೨ರಲ್ಲಿ ಆರಂಭವಾಯಿತು. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ಅಲ್ಲಿ ಸಿಹಿಕಬ್ಬಿಗೆ ಈ ಹುಲ್ಲನ್ನೇ ಬೆರೆಸಿದರು. ೧೯೧೮ರಲ್ಲಿ ‘ಕೋ ೨೦೫’ ಹೊರಬಂತು. ಅಲ್ಲಿಂದ ಮುಂದೆ ನಮ್ಮ ದೇಶದ ಕಬ್ಬಿನ ಹಣೆಬರಹವೇ ಬದಲಾಯಿತು. ಉಯ್ಯೂರಿನ ಗದ್ದೆಯಾಗಲಿ ಮಂಡ್ಯದ ಗದ್ದೆಯಾಗಲಿ, ಇಂದಿನ ಕಬ್ಬಿನ ಗಟ್ಟಿತನದಲ್ಲಿ ಆ ಮರಳದಿಬ್ಬದ ಹುಲ್ಲಿನ ಪಾಲುಂಟು. ಕೆಲಸಕ್ಕೆ ಬಾರದ್ದೆಂದು ಯಾರಾದರೂ ಅದನ್ನು ಬೇರುಸಹಿತ ಕಿತ್ತಿದ್ದರೆ?

ಗುಲಾಬಿಯಲ್ಲೂ ಇಂಥ ಕೆಲಸ ನಡೆದಿದೆ. ಅದನ್ನು ಮಾಡಿದವರು ಇದೇ ಆಂಧ್ರದಲ್ಲಿ ಐ.ಎ.ಎಸ್. ಅಧಿಕಾರಿಯಾಗಿದ್ದ ಎಂ. ಎಸ್. ವೀರರಾಘವನ್ ಮತ್ತು ಅವರ ಪತ್ನಿ ಗಿರಿಜಾ ಅವರು. ೧೯೮೦ರಲ್ಲಿ ಅಧಿಕಾರವನ್ನು ತಾವಾಗಿ ಬಿಟ್ಟು ಕೊಡೈಕನಾಲಿನಲ್ಲಿ ನೆಲಸಿದರು. ಬಿಸಿನಾಡಿಗೆ ಬಿಸಿನಾಡಿನ ಗುಲಾಬಿಯನ್ನೇ ತಾಯಿಯಾಗಿ ಇಟ್ಟುಕೊಳ್ಳಬೇಕೆಂಬುದು ಅವರ ಸಂಕಲ್ಪ. ಅದಕ್ಕಾಗಿ ಕ್ಲೈನೊಫಿಲ್ಲವನ್ನೂ ಮಣಿಪುರದ ಜೈಗಾಂಟಿಯವನ್ನೂ ಹುಡುಕಿ ತಂದು ತೋಟದ ಗುಲಾಬಿಗಳೊಡನೆ ಬೆರೆಸಿದರು. ಇದು ಒಂದೆರಡು ವರ್ಷದ ಕೆಲಸವಲ್ಲ. ಕಾಡುಗುಲಾಬಿಗೆ ಬೆರೆಸಿದ ಮೊದಲ ತಲೆಮಾರಿನಲ್ಲಿ ಕಾಡಿನ ಗುಣವೇ ಮುಂದಾಗಿ, ಉದ್ದುದ್ದ ಕೊಂಬೆ, ವರ್ಷಕ್ಕೊಂದೇ ಸಲ ಹೂ. ಅದನ್ನು ಮತ್ತೆ ಬೆರೆಸಿ, ನೂರಾರು ಸಸಿಗಳನ್ನು ಬೆಳೆಸಿ, ಬಹುಪಾಲನ್ನು ಬಿಸಾಡಿ, ಒಂದೆರಡನ್ನು ಉಳಿಸಿಕೊಳ್ಳಬೇಕು. ಹಾಗೆ ಬಂದವುಗಳಲ್ಲಿ ಕ್ಲೈನೊಫಿಲ್ಲದ ಮಗಳೊಂದಕ್ಕೆ ‘ಗ್ಯಾಂಜಿಸ್ ಮಿಸ್ಟ್’ ಎಂದು ಹೆಸರಿಟ್ಟರು. ಗಂಗೆಯ ಮಂಜು ಎಂದರ್ಥ. ಜೈಗಾಂಟಿಯದ ವಂಶದ ಒಂದಕ್ಕೆ ಸರೋಜಿನಿ ನಾಯಿಡು ಅವರ ಕವನಸಂಗ್ರಹದ ಹೆಸರಾದ ‘ಗೋಲ್ಡನ್ ಥ್ರೆಷೋಲ್ಡ್’ ಎಂದಿಟ್ಟರು. ಕೊಯಮತ್ತೂರಿನಲ್ಲಿ ಕಬ್ಬಿನ ಮೇಲೆ ಕೆಲಸ ಮಾಡಿದ ವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಅವರ ಹೆಸರಿನ ಗುಲಾಬಿಯೂ ಅವರದೇ.

ಆದ್ದರಿಂದ ನದೀತೀರದ ಒಂದು ಮುಳ್ಳುಪೊದೆ ಉಳಿಯುವುದು ಅಥವಾ ಅಳಿಯುವುದು ಸಣ್ಣ ಮಾತಲ್ಲ. ಪ್ರವಾಹದ ಬಯಲು ಒತ್ತುವರಿಯಾಗುತ್ತದೆ, ಜೌಗು ಬತ್ತಿ ಗದ್ದೆಯಾಗುತ್ತದೆ, ಗದ್ದೆ ಬಡಾವಣೆಯಾಗುತ್ತದೆ. ಮುಳ್ಳಿನ ಪೊದೆಯನ್ನು ಯಾರೂ ಕೇಳುವುದಿಲ್ಲ. ಹೂ ಚಿಕ್ಕದು, ದಳ ಐದೇ, ಒಂದೆರಡು ದಿನಕ್ಕೆ ಉದುರುವುದು, ಮಾರಿದರೆ ಕಾಸು ಹುಟ್ಟದು. ಮುಂದಿನ ಶತಮಾನದ ಬಿಸಿಲಿಗೂ ಪ್ರವಾಹಕ್ಕೂ ತಕ್ಕ ಗುಲಾಬಿಯನ್ನು ಮಾಡಬೇಕಾದವನು ಅದನ್ನು ಹುಡುಕಿಕೊಂಡು ಹೋದಾಗ ಆ ದಡದಲ್ಲಿ ಅದು ಇರಬೇಕಲ್ಲವೆ? ಹೊಸ ತಳಿಯನ್ನು ಮಾಡಬಹುದು. ಕಳೆದುಹೋದ ಕಾಡುಜಾತಿಯನ್ನು ಮಾತ್ರ ಯಾವ ಪ್ರಯೋಗಶಾಲೆಯೂ ಮತ್ತೆ ಹುಟ್ಟಿಸಿಕೊಡಲಾರದು.

ಆದರೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಾಡಿನದೆಂದ ಮಾತ್ರಕ್ಕೆ ಎಲ್ಲವನ್ನೂ ಎಲ್ಲ ಕಡೆಗೂ ತಂದು ನೆಡುವುದು ವಿವೇಕವಲ್ಲ. ನಮ್ಮ ಬೇರುಗಿಡವಾದ ಆ ಮಲ್ಟಿಫ್ಲೋರವನ್ನೇ ಅಮೆರಿಕದಲ್ಲಿ ೧೯೩೦ರ ದಶಕದಿಂದ ಮಣ್ಣು ಕೊಚ್ಚಿಹೋಗದಿರಲೆಂದೂ ದನಗಳಿಗೆ ಬೇಲಿಯಾಗಲೆಂದೂ ಸರಕಾರವೇ ನೆಡಿಸಿತು. ಹಕ್ಕಿಗಳು ಬೀಜ ಹರಡಿದವು. ಹುಲ್ಲುಗಾವಲುಗಳು ಮುಳ್ಳಿನ ಕೋಟೆಗಳಾದವು. ಈಗ ಅಲ್ಲಿನ ಹಲವು ರಾಜ್ಯಗಳಲ್ಲಿ ಅದು ಹಾನಿಕರ ಕಳೆಯೆಂದು ಘೋಷಿತವಾಗಿದೆ. ಕ್ಲೈನೊಫಿಲ್ಲದ ಚೀನೀ ಬಂಧುವೂ ಟೆಕ್ಸಾಸ್ ಕಡೆ ಅದೇ ಕೆಲಸ ಮಾಡಿದೆ. ತನ್ನ ನೆಲೆಯಲ್ಲಿ ಇರುವಾಗ ಸಾಧುವಾದ ಗಿಡ ನೆಲೆ ತಪ್ಪಿದರೆ ಪುಂಡಾಗಬಹುದು. ಕಾಡುಗುಲಾಬಿಯನ್ನು ಉಳಿಸುವುದೆಂದರೆ ಮೊದಲು ಅದರ ನೆಲೆಯನ್ನು ಉಳಿಸುವುದು. ಕಿತ್ತು ತಂದು ಕುಂಡದಲ್ಲಿಡುವುದಲ್ಲ.

ಇಷ್ಟು 'ಕೇಳಿದ ಮೇಲೆ ನಾವೇನು ಮಾಡಬೇಕು?' ಎಂದು ತಾಯಂದಿರು ಕೇಳಬಹುದು. ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಒಂದು, ಕಸಿಗಿಡ ತಂದಾಗ ಕಸಿಯ ಗಂಟು ಎಲ್ಲಿದೆಯೆಂದು ನೋಡಿಟ್ಟುಕೊಳ್ಳಿ. ಅದಕ್ಕಿಂತ ಕೆಳಗಿನಿಂದ ಬಂದ ಚಿಗುರು ಬೇರುಗಿಡದ್ದು. ಕತ್ತರಿಯಿಂದ ಮೇಲೆ ಕತ್ತರಿಸಿದರೆ ಅದು ಇನ್ನೂ ನಾಲ್ಕಾಗಿ ಬರುತ್ತದೆ. ಮಣ್ಣು ಸರಿಸಿ, ಹುಟ್ಟಿದ ಕಡೆಯಿಂದಲೇ ಕಿತ್ತು ತೆಗೆಯಿರಿ.

ಎರಡು, ನಮ್ಮ ಜೇಡಿಮಣ್ಣಿನಲ್ಲಿ ಗುಂಡಿ ತೋಡಿ ಗುಲಾಬಿ ನೆಡುವುದೆಂದರೆ ಅದನ್ನು ಬಾವಿಯಲ್ಲಿ ನಿಲ್ಲಿಸಿದಂತೆ. ಒಂದಡಿಯಷ್ಟು ಏರಿಸಿದ ಮಡಿ ಮಾಡಿ, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮಳೆಗಾಲ ಮುಗಿದ ಮೇಲೆ ನೆಡಿರಿ. ಕುಂಡವಾದರೆ ತಳದ ತೂತು ಮುಚ್ಚಿಲ್ಲವೆಂದು ಆಗಾಗ ನೋಡಿ.

ಮೂರು, ಬೇಸಗೆಯಲ್ಲಿ ಬುಡಕ್ಕೆ ಭತ್ತದ ಹುಲ್ಲು ಹೊದಿಸಿ. ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ನೀರನ್ನು ಬೆಳಗ್ಗೆ, ಬುಡಕ್ಕೆ ಹಾಕಿ. ಎಲೆ ನೆನೆದು ರಾತ್ರಿಯೆಲ್ಲ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆಯ ರೋಗಕ್ಕೆ ನಾವೇ ಕರೆಕೊಟ್ಟಂತೆ.

ನಾಲ್ಕು, ದೊಡ್ಡ ಹೂವಿನ ಮೋಹವನ್ನು ಸ್ವಲ್ಪ ಬಿಟ್ಟು, ಕಡ್ಡಿಯಿಂದಲೇ ಬೆಳೆಯುವ ಪನ್ನೀರು ಗುಲಾಬಿಯನ್ನೂ ಒಂದು ಇಟ್ಟುಕೊಳ್ಳಿ. ಅದಕ್ಕೆ ತನ್ನದೇ ಬೇರು. ಮೇಲೆಲ್ಲ ಒಣಗಿದರೂ ಬುಡದಿಂದ ಚಿಗುರಿದರೆ ಬರುವುದು ಅದೇ ಪನ್ನೀರು ಗುಲಾಬಿ, ಬೇರೆಯದಲ್ಲ. ದೇವರ ತಲೆಗೂ ಆಯಿತು, ಗುಲ್ಕನ್ನಿಗೂ ಆಯಿತು.

ಮಕ್ಕಳಿಗೆ ಒಂದು ಮಾತು. ಬೇಸಗೆ ರಜೆಯಲ್ಲಿ ಊಟಿಗೋ ಕೊಡೈಕನಾಲಿಗೋ ಹೋದಾಗ ಗುಲಾಬಿ ತೋಟವನ್ನು ನೋಡಿ ಸಂತೋಷಪಡಿರಿ. ಹಾಗೆಯೇ ಕಾಡಿನ ಅಂಚಿನಲ್ಲಿ ಐದು ದಳದ ಬಿಳಿ ಹೂ ಕಂಡರೆ ಒಂದು ಗಳಿಗೆ ನಿಲ್ಲಿರಿ. ಕೀಳಬೇಡಿ. ಎಲೆ ಎಷ್ಟು, ಮುಳ್ಳು ನೇರವೋ ಬಾಗಿದ್ದೋ, ಹೂ ಒಂದೊಂದೋ ಗೊಂಚಲೋ ಎಂದು ಬರೆದುಕೊಂಡು ಬನ್ನಿ. ವಾಚನಾಲಯದ ಗೋಡೆಹಲಗೆಯಲ್ಲಿ ಅದಕ್ಕೆ ಜಾಗವುಂಟು.

ಹಾಗೆಯೇ ವಾಚನಾಲಯದ ಮುಂದಿನ ಅಂಗಳದಲ್ಲಿ ಒಂದು ಮಡಿ ಏರಿಸಿ ನಾಲ್ಕು ಪನ್ನೀರು ಗುಲಾಬಿಯ ಕಡ್ಡಿ ಊರುವುದೆಂದು ಸೂಚಿಸುತ್ತೇವೆ. ಕಡ್ಡಿ ತರುವವರು, ನೀರು ಹಾಕುವ ಸರದಿ ಒಪ್ಪಿಕೊಳ್ಳುವವರು ಇಂದೇ ಹೆಸರು ಕೊಟ್ಟರೆ ಉಪಕಾರವಾದೀತು.